ಇನ್ನೊಂದು ಸಲ ಕೈ ಹಾಕುವುದು

ದನದ ಡಾಕ್ಟರು ತಮ್ಮ ಮನೆಗೆ ಮುಂಬಾಗಿಲಿನಿಂದ ಬರುವಂತಿರಲಿಲ್ಲ. ಮದುವೆಯಾದ ಹೊಸತರಲ್ಲೇ ಹೆಂಡತಿ ಹಾಕಿದ ಕಟ್ಟಳೆ ಅದು. ಗಾಡಿಯನ್ನು ಬೇಲಿಯ ಪಕ್ಕ ನಿಲ್ಲಿಸಿ, ಗೋಡೆ ಬಳಸಿ ಹಿತ್ತಲಿಗೆ ಬಂದು, ಬಚ್ಚಲ ಹೊರಗಿನ ಕಲ್ಲಿನ ಮೇಲೆ ಬೂಟು ಬಿಚ್ಚಬೇಕು. ಬಟ್ಟೆ ಫಿನಾಯಿಲ್ ನೀರಿನ ಬಕೆಟ್ಟಿಗೆ. ಆಮೇಲೆ ಬೆರಳ ತುದಿಯಿಂದ ಭುಜದ ತನಕ ಸೋಪು, ಸೋಪಿನ ಮೇಲೆ ನಿಂಬೆಯ ಸಿಪ್ಪೆ. ಇಷ್ಟಾದ ಮೇಲೂ ತುತ್ತು ಬಾಯಿಗೆ ಹೋಗುವಾಗ ಉಗುರ ಸಂದಿಯಿಂದ ಏನೋ ಒಂದು ಎದ್ದು ಬರುತ್ತಿತ್ತು. ಕೀವೋ, ಸಗಣಿಯೋ, ಈದ ಹಸುವಿನ ಕೊಳೆತ ಮಾಸೋ, ಅಂದಂದಿನ ಕೆಲಸಕ್ಕೆ ತಕ್ಕ ಹಾಗೆ. ಅವರು ಉಸಿರು ಹಿಡಿದು ತುತ್ತು ನುಂಗುತ್ತಿದ್ದರು. ಇಪ್ಪತ್ತು ವರ್ಷದಿಂದ ಹಾಗೇ ಉಣ್ಣುತ್ತ ಬಂದವರಿಗೆ ಅದು ಅಭ್ಯಾಸವಾಗಿರಬೇಕು ಎಂದು ಊರಿನವರು ಎಣಿಸಿದ್ದರು. ಆಗಿರಲಿಲ್ಲ.

ಈ ಡಾಕ್ಟರು ಕಥೆ ಬರೆಯುತ್ತಿದ್ದರು.

ತಿಂಗಳಿಗೊಂದು ಭಾನುವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಓದುಕೂಟ ಸೇರುತ್ತಿತ್ತು. ಈ ಸಲ ಪಕ್ಕದ ಪಟ್ಟಣದಿಂದ ಒಂದು ವಾರಪತ್ರಿಕೆಯ ಸಂಪಾದಕರು ಬಂದಿದ್ದರು, ವಿಶೇಷಾಂಕಕ್ಕೆ ಕಥೆ ಆರಿಸಿಕೊಂಡು ಹೋಗಲು. ಡಾಕ್ಟರು ತಮ್ಮ ಹೊಸ ಕಥೆ ಓದಿದರು. ಅದರಲ್ಲಿ ನಸುಕಿನ ಮಂಜಿತ್ತು. ಹಸು ಈಯುತ್ತಿತ್ತು. ಒದ್ದೆ ಕರು ಎಳೆಬಿಸಿಲಿನಲ್ಲಿ ಮಿಂಚುತ್ತಿತ್ತು. ತಾಯಿ ನೆಕ್ಕುತ್ತಿತ್ತು. ಒಬ್ಬ ಮುದುಕ ಕಣ್ಣೊರೆಸಿಕೊಳ್ಳುತ್ತಿದ್ದ.

"ಆಹಾ," ಎಂದರು ಸಂಪಾದಕರು. "ಮಣ್ಣಿನ ಸೊಗಡು ಅಂದ್ರೆ ಇದು! ಕೊಟ್ಟಿಗೆಯ ಸುವಾಸನೆ ಮೂಗಿಗೆ ಬಡಿಯುತ್ತೆ ನೋಡಿ."

"ಬಡಿಯುತ್ತೆ, ಬಡಿಯುತ್ತೆ," ಎಂದರು ನಿವೃತ್ತ ಹೆಡ್‌ಮಾಸ್ತರರು, ಕಿಟಕಿಯ ಪಕ್ಕದಿಂದ.

ಡಾಕ್ಟರು ಕಾಗದ ಮಡಚುತ್ತ ತಲೆಯೆತ್ತಿದರು. ಆಗಲೇ ಅವರಿಗೆ ಕಂಡದ್ದು. ಅವರ ಎಡಕ್ಕೆ ಒಂದು ಕುರ್ಚಿ ಖಾಲಿ, ಬಲಕ್ಕೆ ಒಂದು ಖಾಲಿ. ಬೆಳಿಗ್ಗೆ ಅವರು ಹುಳ ಬಿದ್ದ ಗಾಯವೊಂದನ್ನು ತೊಳೆದು ನೇರ ಇಲ್ಲಿಗೆ ಬಂದಿದ್ದರು. ಸೊಗಡನ್ನು ಹೊಗಳಿದ ಜನ ಒಬ್ಬೊಬ್ಬರಾಗಿ ಕುರ್ಚಿ ಸರಿಸಿಕೊಂಡು ಗಾಳಿ ಬರುವ ಕಡೆ ಕೂತಿದ್ದರು. ಸಂಪಾದಕರ ಕರವಸ್ತ್ರ ಮೂಗಿನ ಮೇಲೇ ಇತ್ತು, ನೆಗಡಿಯಾದವರ ಹಾಗೆ.

ಡಾಕ್ಟರಿಗೆ ಅಸಹ್ಯವಾಯಿತು. ಕರವಸ್ತ್ರವನ್ನು ಕಂಡು ಅಲ್ಲ, ಕೈಯಲ್ಲಿದ್ದ ಕಾಗದವನ್ನು ಕಂಡು.

ವಾಪಸು ಬರುವಾಗ, ಕಥೆ ಕೇಳಲು ಬಂದಿದ್ದ ಹೆಂಡತಿಯೂ ಗಾಡಿಯ ಹಿಂದೆ ಕೂತಿದ್ದಳು. ಅಂಚೆ ಕಚೇರಿಯಲ್ಲಿ ಕಾಗದಗಳ ಮೇಲೆ ಮೊಹರು ಒತ್ತುವ ಕೆಲಸ ಅವಳದು. ಅವಳು ಮಾತಾಡಿದರೂ ಹಾಗೇ, ಒಂದೇ ಏಟು.

"ಏನನ್ನಿಸ್ತು?" ಎಂದು ಕೇಳಿದರು ಡಾಕ್ಟರು.

"ಚೆನ್ನಾಗಿತ್ತು. ಆದ್ರೆ ನಿಮ್ಮ ಕಥೇಲಿ ಯಾರೂ ಮೂಗು ಮುಚ್ಕೊಳ್ಳಲ್ಲ."

"ಅಂದ್ರೆ?"

"ಅಂದ್ರೆ ಏನು ಅಂದ್ರೆ? ಇಪ್ಪತ್ತು ವರ್ಷದಿಂದ ನಿಮ್ಮ ಬಟ್ಟೆ ಒಗೀತಿದ್ದೀನಿ. ನಿಮ್ಮ ಕಥೇಲಿ ಹುಟ್ಟಿದ ಕರು ಒಂದಾದ್ರೂ ನಮ್ಮ ಬಚ್ಚಲಿಗೆ ಬಂದಿಲ್ಲ."

ಡಾಕ್ಟರು ಮನೆ ಮುಟ್ಟಿದವರೇ ಸಂಪಾದಕರಿಗೆ ಫೋನು ಮಾಡಿ, ಆ ಕಥೆ ಬೇಡ, ವಾರದೊಳಗೆ ಬೇರೆ ಕಳಿಸುತ್ತೇನೆ ಎಂದರು. "ಅಯ್ಯೋ, ನೀವು ಕೊಟ್ಟ ಪ್ರತಿ ನನ್ನ ಹತ್ರಾನೇ ಇದೆಯಲ್ಲ. ಇರಲಿ, ಬೇರೇದೂ ಕಳಿಸಿ ನೋಡೋಣ," ಎಂದರು ಅವರು. ಡಾಕ್ಟರಿಗೆ ಬೇಕಾಗಿದ್ದದ್ದು ವಿಶೇಷಾಂಕದ ಹೆಸರಲ್ಲ. ಓದಿದರೆ ತಮಗೇ ಅಸಹ್ಯವಾಗದಂಥ ಒಂದು ಕಥೆ. ಬರೆಯಲು ಶುರುಮಾಡಿ ಹದಿನೈದು ವರ್ಷವಾಗಿತ್ತು, ಒಂದಾದರೂ ಬೇಡವೇ?

ಅಂದಿನಿಂದ ಅವರು ಕಥೆ ಹುಡುಕುತ್ತ ಕೆಲಸಕ್ಕೆ ಹೋದರು. ಆಸ್ಪತ್ರೆಯೆಂದರೆ ತಗಡಿನ ಮಾಡಿನ ಎರಡು ಕೋಣೆ. ಒಂದರಲ್ಲಿ ಔಷಧಿ ಕಪಾಟು, ಇನ್ನೊಂದರಲ್ಲಿ ಮೇಜು. ಹೊರಗೆ ದನ ಕಟ್ಟುವ ಕಬ್ಬಿಣದ ಕಟ್ಟು. ಹಾಲು ಕಟ್ಟಿದ ಕೆಚ್ಚಲು ಹಿಂಡಿದರೆ ಮೊಸರಿನಂಥ ಗಡ್ಡೆ ಬರುತ್ತಿತ್ತು. ಅದನ್ನು ನೋಡುತ್ತ ನಿಲ್ಲುತ್ತಿದ್ದರು. ಹೊಟ್ಟೆಯುಬ್ಬರಿಸಿದ ಎಮ್ಮೆಗೆ ಕೊಳವೆ ಹಾಕಿದಾಗ ಬುಸ್ಸೆಂದು ಬಂದ ಗಾಳಿಗೆ ಮುಖ ಒಡ್ಡಿ ನಿಂತರು. ಕುರಿ ತಂದವನೊಬ್ಬ, "ಡಾಕ್ಟ್ರೇ, ಹುಷಾರಾಗಿದ್ದೀರಾ?" ಎಂದು ಕೇಳಿದ. ಸಂಜೆ ಕೂತು ಎಲ್ಲವನ್ನೂ ಬರೆದರು. ಕೀವು, ಹುಳ, ಉಚ್ಚೆ, ಒಂದನ್ನೂ ಬಿಡದೆ ಬರೆದು ಹೆಂಡತಿಗೆ ಓದಿ ಹೇಳಿದರು. ಅವಳು ಬಟ್ಟೆ ಮಡಚುತ್ತ ಕೇಳಿದಳು.

"ಈಗ ಬಂತಾ ವಾಸನೆ?"

"ಎಲ್ಲಿ ಬಂತು? ಅವತ್ತು ಸೆಂಟು ಸುರಿದಿದ್ರಿ, ಇವತ್ತು ಗೊಬ್ಬರ ಸುರಿದಿದ್ದೀರಿ. ಎರಡೂ ನೀವೇ ಸುರಿದಿದ್ದು ಅಂತ ಗೊತ್ತಾಗುತ್ತೆ."

ಡಾಕ್ಟರು ಹಾಳೆಗಳನ್ನು ಹರಿದು ಒಲೆಗೆ ಹಾಕಿದರು. ವಾರದಲ್ಲಿ ಉಳಿದದ್ದು ಎರಡೇ ದಿನ.

ಮರುದಿನ ಬೆಳಿಗ್ಗೆ ಟೈಲರಮ್ಮನ ಮೈದುನ ಗಾಡಿ ಹೊಡೆದುಕೊಂಡು ಬಂದ. ಟೈಲರಮ್ಮ ಎಂದರೆ ಕೆರೆಯ ಆಚೆ ದಂಡೆಯ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಗಂಡ ತೀರಿಕೊಂಡಿದ್ದ. ಹೊಲಿಗೆ ಯಂತ್ರ ಒಂದು, ಹಸು ಒಂದು, ಅಷ್ಟೇ ಅವಳ ಸಂಸಾರ.

"ಹಸು ನಿನ್ನೆಯಿಂದ ತಿಣುಕ್ತಿದೆ ಡಾಕ್ಟ್ರೇ, ಕರು ಬರ್ತಿಲ್ಲ. ಒಂಥರಾ ವಾಸನೆ. ಅತ್ತಿಗೆ ಕೂಗಾಡ್ತಿದ್ದಾರೆ, ಬೇಗ ಬನ್ನಿ."

ಕೊಟ್ಟಿಗೆಗೆ ಹತ್ತು ಮಾರು ಇರುವಾಗಲೇ ಡಾಕ್ಟರಿಗೆ ಗೊತ್ತಾಯಿತು. ಆ ವಾಸನೆ ಬೇರೆ. ಸಗಣಿ ಮೂಗಿಗೆ ಬಡಿಯುತ್ತದೆ, ಇದು ನಾಲಗೆಯ ಮೇಲೆ ಕೂರುತ್ತದೆ. ನೋಡಲು ಬಂದಿದ್ದ ಅಕ್ಕಪಕ್ಕದವರು ಬೇಲಿಯ ಆಚೆ ನಿಂತಿದ್ದರು. ಡಾಕ್ಟರು ತೋಳು ಮಡಚುವ ಹೊತ್ತಿಗೆ ಒಬ್ಬೊಬ್ಬರಿಗೂ ಮನೆಯಲ್ಲಿ ಕೆಲಸ ನೆನಪಾಯಿತು.

ಹಸು ಬಲಪಕ್ಕಕ್ಕೆ ಮಲಗಿತ್ತು. ಟೈಲರಮ್ಮ ಅದರ ಬಾಲವನ್ನು ಎರಡೂ ಕೈಯಿಂದ ಪಕ್ಕಕ್ಕೆ ಎಳೆದು ಹಿಡಿದು ಮಂಡಿಯೂರಿದ್ದಳು. ಅಳತೆಯ ಟೇಪು ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದಳು.

"ನನ್ನ ತಾಯಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ," ಎನ್ನುತ್ತಿದ್ದಳು ಹಸುವಿಗೆ. ಡಾಕ್ಟರ ಕಡೆ ತಿರುಗಿ, "ಕರು ಇದೆಯಾ?" ಎಂದಳು.

ಡಾಕ್ಟರು ಭುಜದ ತನಕ ಕೈ ಹಾಕಿದರು. ಕರು ಸತ್ತು ದಿನ ಮೂರಾಗಿರಬೇಕು. ಉಬ್ಬಿತ್ತು. ಅದರ ಚರ್ಮ ಒತ್ತಿದರೆ ಒಳಗೆ ಗಾಳಿ ಚರಚರ ಅನ್ನುತ್ತಿತ್ತು. ಕೂದಲು ಹಿಡಿಹಿಡಿಯಾಗಿ ಕಿತ್ತು ಬೆರಳಿಗೆ ಅಂಟಿ ಬಂತು. ಹಿಂಭಾಗ ಮುಂದಾಗಿ ಬಂದು, ಎರಡೂ ಹಿಂಗಾಲು ಮಡಚಿ ಗರ್ಭದ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತ್ತು. ಬಿಡಿಸಲು ಜಾಗವಿಲ್ಲ. ಕಾಲು ಕೊಯ್ಯಬೇಕು.

"ಕರು ಹೋಗಿದೆ ಕಣಮ್ಮ. ಹಸೂನ ಉಳಿಸ್ಕೊಳ್ಳೋಣ."

"ಹೂಂ," ಎಂದಳು. ಬಾಲ ಬಿಡಲಿಲ್ಲ.

ಸೋಪಿನ ನೀರು ಒಳಗೆ ಬಿಟ್ಟು, ತಂತಿ ಗರಗಸವನ್ನು ಕಾಲಿನ ಸುತ್ತ ಬಳಸಿ ತಂದು, ಎರಡು ಹಿಡಿಗಳನ್ನು ಮೈದುನನ ಕೈಗೆ ಕೊಟ್ಟರು. ಅವನು ಆ ಕಡೆ ಈ ಕಡೆ ಎಳೆದ. ಸುಟ್ಟ ಕೊಂಬಿನ ಕಮಟು ಎದ್ದಿತು. ಮೊದಲ ತುಂಡು ಹೊರಬಂದು ನೆಲಕ್ಕೆ ಬಿತ್ತು. ಎರಡನೆಯ ಕಾಲು ಕತ್ತರಿಸಿದ ಹೊತ್ತಿಗೆ ಮೈದುನ ಹಿಡಿ ಎಸೆದು ಗೋಡೆಯ ಕಡೆ ಓಡಿ ವಾಂತಿ ಮಾಡಿಕೊಂಡ. ಆ ತುಂಡು ಡಾಕ್ಟರ ಬೆರಳಿನಿಂದ ಜಾರಿ ಒಳಕ್ಕೆ ಹೋಯಿತು. ಆಮೇಲೆ ತೆಗೆದರಾಯಿತು, ಮೊದಲು ಮೈ ಬರಲಿ ಎಂದುಕೊಂಡರು.

ಆಗ ಅವರು ಟೈಲರಮ್ಮನ ಮುಖ ನೋಡಿದರು.

ಅವಳು ಮೂಗು ಮುಚ್ಚಿಕೊಂಡಿರಲಿಲ್ಲ, ಕೈ ಖಾಲಿಯಿರಲಿಲ್ಲ. ಮುಖ ತಿರುಗಿಸಿರಲೂ ಇಲ್ಲ. ಬಾಯಿ ಸ್ವಲ್ಪ ತೆರೆದು, ಕೊರಳಿನ ಟೇಪಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು, ಹೊಲಿಯುವಾಗ ಅಳತೆ ತಪ್ಪದ ಹಾಗೆ ಕಚ್ಚುವಂತೆ. ಹಸು ತಿಣುಕಿದಾಗಲೆಲ್ಲ ಟೇಪು ಬಿಗಿಯಾಗುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಅಳುವೋ ವಾಸನೆಯ ಘಾಟೋ ತಿಳಿಯುವಂತಿರಲಿಲ್ಲ.

ಡಾಕ್ಟರ ಎದೆಯಲ್ಲಿ ಏನೋ ಕುಣಿಯಿತು. ಸಿಕ್ಕಿತು! ಹದಿನೈದು ವರ್ಷ ಹುಡುಕಿದ್ದು ಇಲ್ಲಿ ಸಿಕ್ಕಿತು. ಕೊಳೆತ ಕರುವಿನ ಸೊಂಟಕ್ಕೆ ಹಗ್ಗ ಬಿಗಿಯುತ್ತ ಅವರು ಒಳಗೊಳಗೇ ವಾಕ್ಯ ಕಟ್ಟತೊಡಗಿದರು. ಟೇಪಿನ ತುದಿ, ಹಲ್ಲು, ನೀರು. ಇನ್ನೊಂದಿಷ್ಟು ಬೇಕೆನಿಸಿತು. ಕೇಳಿಯೇಬಿಟ್ಟರು.

"ನಿಮಗೆ ವಾಸನೆ ಬರ್ತಿಲ್ವಾ ಅಮ್ಮಾ?"

ಅವಳು ಟೇಪನ್ನು ಬಾಯಿಂದ ಬಿಟ್ಟು ಅವರನ್ನು ನೋಡಿದಳು.

"ಏನಂದ್ರಿ?"

"ಅಲ್ಲ... ಎಲ್ಲರೂ ಓಡಿಹೋದ್ರು. ನೀವು ಹೇಗೆ ತಡ್ಕೊಂಡಿದ್ದೀರಿ ಅಂತ."

"ಎಳೀರಿ ಡಾಕ್ಟ್ರೇ," ಎಂದಳು. ಮತ್ತೆ ಟೇಪು ಕಚ್ಚಿದಳು.

ಎಳೆದರು. ಮೈದುನ ಬಾಯಿ ಒರೆಸಿಕೊಂಡು ಬಂದು ಕೈ ಸೇರಿಸಿದ. ಕರು ಒಮ್ಮೆಲೇ ಜಾರಿ ಹೊರಬಂದು, ಅದರ ಹಿಂದೆ ಕಂದು ಬಣ್ಣದ ನೀರು ಕೊಟ್ಟಿಗೆಯ ತುಂಬ ಹರಿಯಿತು. ಹಸು ಉಸ್ಸೆಂದಿತು. ಡಾಕ್ಟರು ಗರ್ಭಚೀಲಕ್ಕೆ ಔಷಧಿ ಬಿಟ್ಟರು, ಸೂಜಿ ಚುಚ್ಚಿದರು, ಗುಳಿಗೆ ಕೊಟ್ಟರು. ಎಲ್ಲವನ್ನೂ ಮಾಡಿದರು, ಕೈ ತಾನಾಗಿ ಮಾಡುತ್ತ ಹೋಯಿತು. ತಲೆಯೊಳಗೆ ಮೊದಲ ವಾಕ್ಯ ಸಿದ್ಧವಾಗಿತ್ತು, ಅದು ಚೆಲ್ಲಿಹೋಗುವ ಮೊದಲು ಮನೆ ಸೇರಬೇಕಿತ್ತು. ಮೈದುನ ಕರುವನ್ನು ಗೋಣಿಗೆ ತುರುಕಿ ಹೂಳಲು ಎಳೆದುಕೊಂಡು ಹೋದ. ಟೈಲರಮ್ಮ ಕೈ ತೊಳೆಯಲು ಬಿಸಿನೀರು ತಂದಿಟ್ಟಳು. ಡಾಕ್ಟರು ಅರ್ಧಂಬರ್ಧ ತೊಳೆದುಕೊಂಡು ಗಾಡಿ ಹತ್ತಿದರು.

ಆ ದಿನ ಅವರು ಬಚ್ಚಲ ಕಲ್ಲಿನ ಮೇಲೆ ಬಟ್ಟೆ ಬಿಚ್ಚಿದರೇ ಹೊರತು ನಿಂಬೆ ಸಿಪ್ಪೆ ಮುಟ್ಟಲಿಲ್ಲ. ನಾರುವ ಕೈಯಲ್ಲೇ ಬರೆದರು. ಕೈಯನ್ನು ಆಗಾಗ ಮೂಗಿಗೆ ಹಿಡಿದು, ವಾಕರಿಕೆ ಬಂದರೆ ಸರಿಯಾಗಿದೆ ಎಂದುಕೊಂಡು ಮತ್ತೆ ಬರೆದರು. ಒಂದು ಉಪಮೆಯೂ ಬರಲಿಲ್ಲ. ಮಂಜು ಬರಲಿಲ್ಲ. ಹೆಂಡತಿ ಕಚೇರಿಯಿಂದ ಬರುವ ಹೊತ್ತಿಗೆ ಕಥೆ ಮುಗಿದಿತ್ತು.

"ಇದೇನ್ರೀ ಅವತಾರ, ಸ್ನಾನಾನೇ ಮಾಡಿಲ್ವಾ? ಥೂ!"

"ಮೊದಲು ಕೇಳು. ಆಮೇಲೆ ಬೈ."

ಅವಳು ಹೊಸ್ತಿಲ ಆಚೆಯೇ ಮಣೆ ಹಾಕಿಕೊಂಡು ಕೂತಳು. ಡಾಕ್ಟರು ಓದಿದರು. ಕೂದಲು ಕಿತ್ತು ಬೆರಳಿಗೆ ಅಂಟಿದ ಜಾಗಕ್ಕೆ ಬಂದಾಗ ಅವಳ ಕೈ ತಾನಾಗಿ ಮೇಲೆದ್ದು ಮೂಗು ಮುಚ್ಚಿತು. ಡಾಕ್ಟರು ಓರೆಗಣ್ಣಿನಲ್ಲಿ ಅದನ್ನು ಕಂಡರು. ಅವರ ದನಿ ಏರಿತು. ಟೇಪು ಕಚ್ಚಿದ ಹೆಂಗಸು ಬಂದಾಗ ಹೆಂಡತಿ ಮಣೆ ಮುಂದೆ ಸರಿಸಿದಳು. ತಾವು ಕೇಳಿದ ಪ್ರಶ್ನೆಯನ್ನು ಡಾಕ್ಟರು ಕಥೆಯಲ್ಲಿ ಬರೆದಿರಲಿಲ್ಲ. ಕರು ಹೊರಬಂತು, ಔಷಧಿ ಬಿಟ್ಟಾಯಿತು, ಕಥೆಯ ಡಾಕ್ಟರು ಕೈ ತೊಳೆದು ಬಿಸಿಲಿಗೆ ಬಂದು ನಿಂತ. ಅಲ್ಲಿಗೆ ಮುಗಿಯಿತು.

ಹೆಂಡತಿ ಮೂಗಿನಿಂದ ಕೈ ತೆಗೆದಳು.

"ಇದನ್ನ ನಿಜವಾಗ್ಲೂ ಬರೆದಿದ್ದೀರಿ," ಎಂದಳು. "ಆದ್ರೆ ಒಂದು ಬಿಟ್ಟುಹೋಗಿದೆ. ಕೊನೇಲಿ ಅವನು ಇನ್ನೊಂದು ಸಲ ಕೈ ಹಾಕಲ್ವಾ?"

"ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀರಲ್ಲ! ನೀವೇ ತಾನೆ ಯಾವಾಗ್ಲೂ ಹೇಳೋದು? ಎಲ್ಲ ಮುಗೀತು ಅಂದ ಮೇಲೆ ಇನ್ನೊಂದು ಸಲ ಕೈ ಹಾಕಿ ತಡಕಬೇಕು, ಒಳಗೆ ಏನಾದ್ರೂ ಉಳಿದಿರುತ್ತೆ ಅಂತ. ಹೊಸದಾಗಿ ಬಂದ ಡಾಕ್ಟ್ರಿಗೆಲ್ಲ ಇದನ್ನೇ ಹೇಳಿ ತಲೆ ತಿಂತೀರಿ. ಕಥೇಲಿ ಅದನ್ನೇ ಮರೆತಿದ್ದೀರಿ ನೋಡಿ. ಒಂದು ಸಾಲು ಸೇರಿಸಿಬಿಡಿ."

ಡಾಕ್ಟರು ಹಾಳೆಗಳನ್ನು ಮೇಜಿನ ಮೇಲಿಟ್ಟು ಎದ್ದರು. ಕಥೆಯಲ್ಲಿ ಮರೆತಿರಲಿಲ್ಲ. ಆ ಮಟ್ಟಿಗೆ ನಡೆದದ್ದನ್ನು ನಡೆದ ಹಾಗೇ ಬರೆದಿದ್ದರು. ಜಾರಿಹೋದ ಎರಡನೆಯ ತುಂಡು, ಗೊರಸಿನ ಸಮೇತ, ಈಗಲೂ ಆ ಹಸುವಿನ ಹೊಟ್ಟೆಯಲ್ಲಿತ್ತು.

"ಏನಾಯ್ತು? ಮುಖ ಯಾಕೆ ಹಾಗಾಯ್ತು?"

ಅವರು ಬೂಟು ಹುಡುಕುತ್ತಿದ್ದರು. ಅವಳು ಅವರ ಮುಖ ನೋಡಿದಳು, ಹಾಳೆಗಳನ್ನು ನೋಡಿದಳು. "ಅಯ್ಯೋ ನಿಮ್ಮ..." ಎಂದಳು. ಮುಂದಿನದನ್ನು ನುಂಗಿಕೊಂಡು ಔಷಧಿ ಚೀಲ ತಂದು ಕೈಗೆ ಕೊಟ್ಟಳು.

ಹೊತ್ತು ಇಳಿದಿತ್ತು. ಟೈಲರಮ್ಮ ಕೊಟ್ಟಿಗೆಯ ಬಾಗಿಲಲ್ಲೇ ಇದ್ದಳು. ಹಸುವಿನ ಕಿವಿ ಸುಡುತ್ತಿತ್ತು. ಮೇವು ಮುಟ್ಟಿರಲಿಲ್ಲ.

"ನಾನೇ ಹೇಳಿಕಳಿಸೋಣ ಅಂತಿದ್ದೆ," ಎಂದಳು. "ಮತ್ತೆ ತಿಣುಕ್ತಿದೆ. ಇನ್ನೇನಿದೆ ಅಂತ ತಿಣುಕುತ್ತೆ ಪಾಪ?"

"ಇದೆ," ಎಂದರು ಡಾಕ್ಟರು.

ತೋಳು ಮಡಚಿ ಕೈ ಹಾಕಿದರು. ಗರ್ಭಚೀಲ ಆಗಲೇ ಬಾಗಿಲು ಬಿಗಿಯತೊಡಗಿತ್ತು. ಬೆಳಿಗ್ಗೆ ಸಲೀಸಾಗಿ ಹೋದ ಕೈ ಈಗ ಮಣಿಕಟ್ಟಿನಲ್ಲೇ ನಿಂತಿತು. ಬೆರಳುಗಳನ್ನು ಕೂಡಿಸಿ, ಒಂದೊಂದೇ ಅಂಗುಲ ತಳ್ಳುತ್ತ ಹೋಗುವಾಗ ಹಸು ನರಳಿತು. ಆ ಪ್ರತಿ ನರಳಾಟವೂ ತಮ್ಮ ಲೆಕ್ಕದ್ದೇ ಎಂದು ಅವರಿಗೆ ಗೊತ್ತಿತ್ತು. ಮೈಯೆಲ್ಲ ಬೆವರಿತು. ಕೆನ್ನೆ ಹಸುವಿನ ಒದ್ದೆ ತೊಡೆಗೆ ಒತ್ತಿಕೊಂಡಿತ್ತು; ವಾಸನೆ ಬಾಯಿಯೊಳಗೆ ಇತ್ತು. ಈ ಸಲ ಯಾವ ವಾಕ್ಯವೂ ಬರಲಿಲ್ಲ. ಬಂದಿದ್ದರೆ ಉಗಿಯುತ್ತಿದ್ದರು.

ಆಳದಲ್ಲಿ, ಒಂದು ಮಡಿಕೆಯ ಹಿಂದೆ, ಗೊರಸು ಬೆರಳಿಗೆ ತಗುಲಿತು. ಕೊಯ್ದ ಮೂಳೆಯ ಚೂಪು ತುದಿಗೆ ಅಂಗೈಯನ್ನೇ ಮರೆಮಾಡಿ, ಒಳಗೆ ಗೀರದ ಹಾಗೆ ಹೊರಗೆ ತಂದರು. ಅವರದೇ ಅಂಗೈ ಸೀಳಿತು. ತುಂಡನ್ನು ನೆಲಕ್ಕಿಟ್ಟರು. ಮತ್ತೆ ಕೈ ಹಾಕಿದರು. ಏನೂ ಇರಲಿಲ್ಲ. ಇನ್ನೊಂದು ಸಲ ಹಾಕಿದರು.

ಟೈಲರಮ್ಮ ನೆಲದ ಮೇಲಿನ ಕಾಲನ್ನು ನೋಡಿದಳು.

"ಇದು ಬೆಳಿಗ್ಗೆಯಿಂದ ಒಳಗಿತ್ತಾ?"

"ಹೌದಮ್ಮ. ನನ್ನ ತಪ್ಪು. ಮರೆತೆ."

"ಇಪ್ಪತ್ತು ವರ್ಷದಲ್ಲಿ ಇಲ್ಲದ ಮರೆವು ಇವತ್ತು ಹೇಗೆ ಬಂತು ಡಾಕ್ಟ್ರೇ?"

ಡಾಕ್ಟರು ಗರ್ಭಚೀಲಕ್ಕೆ ಔಷಧಿ ಬಿಡತೊಡಗಿದರು.

"ನಾನು ಹೇಳ್ಲಾ? ಬೆಳಿಗ್ಗೆ ನೀವು ನನ್ನ ಮುಖ ನೋಡ್ತಿದ್ರಿ. ಹಸೂನ ನೋಡಬೇಕಿತ್ತು." ಅವಳು ಹೊಲಿಗೆಯ ಚಿಂದಿ ಬಟ್ಟೆಯಿಂದ ಆ ಕಾಲನ್ನು ಎತ್ತಿಕೊಂಡಳು. "ನನ್ನ ಮುಖದಲ್ಲಿ ಏನಿತ್ತು ಅಂಥದ್ದು?"

ಅದರ ಉತ್ತರ ನಾಲ್ಕು ಹಾಳೆಯಷ್ಟಿತ್ತು, ಮನೆಯ ಮೇಜಿನ ಮೇಲೆ. ಅವಳು ಬಿಸಿನೀರು ತರಲಿಲ್ಲ. ಅವರು ತೊಟ್ಟಿಯ ತಣ್ಣೀರಿನಲ್ಲಿ ತೊಳೆದುಕೊಂಡರು.

ಹಸು ಉಳಿಯಿತು. ಉಳಿಯಿತೆಂದು ಹೇಳುವ ಮೊದಲು ಡಾಕ್ಟರು ದಿನಾ ಎರಡು ಹೊತ್ತು ಹೋಗಿ ಗರ್ಭಚೀಲ ತೊಳೆದರು. ಟೈಲರಮ್ಮ ಬಾಲ ಹಿಡಿಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಹಸು ಮೊದಲು ಮೆಲುಕು ಹಾಕಿದ ದಿನ ಮಾತ್ರ, "ಕಾಫಿ ಕುಡೀತೀರಾ?" ಎಂದಳು. ಕುಡಿದರು. ಆಗ ಡಾಕ್ಟರು, ಲೋಟ ಕೆಳಗಿಟ್ಟು, ಕಥೆಯ ವಿಷಯ ಹೇಳಿದರು. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿ, "ಬರ್ಕೊಳ್ಳಿ. ಆದ್ರೆ ನನ್ನ ದೇವತೆ ಗೀವತೆ ಮಾಡಿದ್ರೆ ಚೆನ್ನಾಗಿರಲ್ಲ. ಅವತ್ತು ನನಗೂ ಹೊಟ್ಟೆ ತೊಳಸಿತ್ತು, ಬಾಲ ಬಿಟ್ರೆ ನಿಮ್ಮ ಮುಖಕ್ಕೆ ಬಡಿಯುತ್ತೆ ಅಂತ ಹಿಡ್ಕೊಂಡಿದ್ದೆ," ಎಂದಳು.

ಡಾಕ್ಟರು ಕಥೆಗೆ ಇನ್ನೊಂದು ಸಲ ಕೈ ಹಾಕಿದರು. ಮುಗಿಯಿತು ಎಂದುಕೊಂಡ ಜಾಗದಿಂದ ಒಳಗೆ ಹೋಗಿ ತಡಕಿದರು. ಬಿಸಿಲಿಗೆ ಬಂದು ನಿಂತ ಡಾಕ್ಟರನ್ನು ಹೊಡೆದುಹಾಕಿದರು. ತಾವು ಕೇಳಿದ ಪ್ರಶ್ನೆಯನ್ನು ಕೇಳಿದ ಹಾಗೇ ಬರೆದರು. ಆ ಒಂದು ಸಾಲನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಉಳಿಸಿದರು. ಕೀವಿನ ಬಗ್ಗೆ ಬರೆಯುವಾಗ ಹಾಗೆ ಹೊಡೆದುಹಾಕಿರಲಿಲ್ಲ. ಸಂಜೆಯ ಕಾಲು, ಸೀಳಿದ ಅಂಗೈ, ತಣ್ಣೀರು, ಎಲ್ಲವೂ ಬಂತು. ವಾರದ ಗಡುವು ದಾಟಿತ್ತು. ಆದರೂ ಕಳಿಸಿದರು.

ಸಂಪಾದಕರ ಫೋನು ಬಂತು.

"ಡಾಕ್ಟ್ರೇ, ಬರವಣಿಗೆ ಏನೋ ಗಟ್ಟಿಯಾಗಿದೆ. ಆದ್ರೆ ನಮ್ಮ ಓದುಗರು ತಿಂಡಿ ತಿನ್ನುತ್ತಾ ಓದೋರು. ಈ ಕಾಲಿನ ಸಂಗತಿ ತೆಗೆದುಬಿಡೋಕಾಗುತ್ತಾ? ಕರೂನ ಒಂದು ಬದುಕಿಸಿಬಿಟ್ರೆ ಇನ್ನೂ ಒಳ್ಳೇದು."

"ಅದು ಸತ್ತು ಮೂರು ದಿನ ಆಗಿತ್ತು ಸ್ವಾಮಿ."

"ಕಥೆ ಅಲ್ವಾ! ನಿಮ್ಮ ಕೈಯಲ್ಲೇ ಇದೆ."

"ನನ್ನ ಕೈಯಲ್ಲಿ ಏನಿದೆ ಅಂತ ನೀವು ನೋಡಿಲ್ಲ," ಎಂದು ಡಾಕ್ಟರು ಫೋನಿಟ್ಟರು.

ವಿಶೇಷಾಂಕ ಬಂತು. ಅದರಲ್ಲಿ ಡಾಕ್ಟರ ಹೆಸರಿತ್ತು, ಹೆಸರಿನ ಕೆಳಗೆ ಆ ಹಳೆಯ ಕಥೆ. ಮಂಜು, ಎಳೆಬಿಸಿಲು, ಮುದುಕ. ಪಕ್ಕದಲ್ಲಿ ಚಿತ್ರ ಬೇರೆ. ಕಣ್ಣಿಗೆ ರೆಪ್ಪೆ ಬಿಡಿಸಿದ ಹಸು, ಬಾಯಲ್ಲಿ ಒಂದು ಹೂವು. ಹೆಡ್‌ಮಾಸ್ತರರು ಆಸ್ಪತ್ರೆಯ ತನಕ ಬಂದು ಅಭಿನಂದಿಸಿದರು, ಗೇಟಿನ ಆಚೆ ನಿಂತು. ಡಾಕ್ಟರು ಪತ್ರಿಕೆಯನ್ನು ಮನೆಗೆ ತಂದು ಬಚ್ಚಲ ಕಲ್ಲಿನ ಮೇಲೆ ಒದ್ದೆ ಬೂಟಿನ ಕೆಳಗೆ ಹಾಸಿದರು. ಭುಜದ ತನಕ ಸೋಪು ಉಜ್ಜಿಕೊಂಡರು.

"ಅದನ್ನ ಯಾಕ್ರೀ ಅಲ್ಲಿ ಹಾಕಿದ್ರಿ?" ಎಂದಳು ಹೆಂಡತಿ.

"ನಾರ್ತಿತ್ತು."

ಅವಳು ನಕ್ಕಳು. "ಇನ್ನೊಂದು ಕಥೆ ಇದೆಯಲ್ಲ, ಅದನ್ನ ಓದಿ. ತಿದ್ದಿದ ಮೇಲೆ ನಾನು ಕೇಳೇ ಇಲ್ಲ."

ಅವರು ಓದಿದರು. ಈ ಸಲ ಅವಳನ್ನು ಓರೆಗಣ್ಣಿನಲ್ಲಿ ನೋಡಬಾರದೆಂದು ಹಾಳೆಯ ಮೇಲೇ ಕಣ್ಣಿಟ್ಟರು. ಕೂದಲು ಕಿತ್ತು ಬಂತು, ಅವಳು ಅಲುಗಲಿಲ್ಲ. ಗರಗಸದ ಕಮಟು ಬಂತು, ಮೈದುನನ ವಾಂತಿ ಬಂತು, ಅವಳು ಕೇಳುತ್ತಿದ್ದಳು. ಕಥೆಯ ಡಾಕ್ಟರು ಕೊಳೆತ ಕರುವಿಗೆ ಹಗ್ಗ ಬಿಗಿಯುತ್ತ, ಟೇಪು ಕಚ್ಚಿದ ಹೆಂಗಸಿನ ಕಡೆ ಬಗ್ಗಿ ಕೇಳಿದ: ನಿಮಗೆ ವಾಸನೆ ಬರ್ತಿಲ್ವಾ ಅಮ್ಮಾ?

ಮಣೆ ಕರ್ರೆಂದಿತು. ಡಾಕ್ಟರು ತಡೆಯಲಾರದೆ ತಲೆಯೆತ್ತಿದರು.

ಅವಳು ಮುಖ ಪಕ್ಕಕ್ಕೆ ತಿರುಗಿಸಿ, ಅಂಗೈಯಿಂದ ಮೂಗು ಬಾಯಿ ಎರಡನ್ನೂ ಒತ್ತಿ ಮುಚ್ಚಿಕೊಂಡಿದ್ದಳು.

"ಓದಿ," ಎಂದಳು ಕೈಯೊಳಗಿನಿಂದಲೇ. "ನಿಲ್ಲಿಸಬೇಡಿ."